ಮೊದಲು ನೀರು, ಆಮೇಲೆ ಚಾಕು, ಕೊನೆಗೆ ಅಚ್ಚು: ಫೋರ್ಟ್ ವರ್ತ್‌ನ ಜೀನುಗಾರರೊಬ್ಬರ ಚರ್ಮ ಕೆತ್ತನೆ ತರಗತಿ

ಚರ್ಮದ ಮೇಲೆ ಹೂಬಳ್ಳಿ ಕೆತ್ತುವುದನ್ನು ಕಲಿಸುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿ: ಮೊದಲ ದಿನ ನಮ್ಮ ಕೈಗೆ ಏನು ಕೊಡುತ್ತೀರಿ? ‘ಅಚ್ಚುಗಳನ್ನು ಕೊಡುತ್ತೇವೆ, ಸಂಜೆಯೊಳಗೆ ಒಂದು ಪರ್ಸ್ ಮಾಡಿಕೊಂಡು ಹೋಗಬಹುದು’ ಎಂಬ ಉತ್ತರ ಬಂದರೆ ಅದು ಹೊತ್ತು ಕಳೆಯುವ ತರಗತಿ. ಮಕ್ಕಳನ್ನು ಕರೆದುಕೊಂಡು ಧಾರಾಳವಾಗಿ ಹೋಗಿ ಬನ್ನಿ. ಆದರೆ ‘ಮೊದಲು ಚರ್ಮ ನೆನೆಸುವುದನ್ನು ಕಲಿಯಿರಿ’ ಎನ್ನುವವರು ಸಿಕ್ಕರೆ ಕೆಲಸಕ್ಕೆ ರಜೆ ಹಾಕಿಯಾದರೂ ಹೋಗಬೇಕು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ನನಗೆ ಅಂಥವರೊಬ್ಬರು ಸಿಕ್ಕರು. ಅವರ ಮೂರು ದಿನದ ತರಗತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಹಾಕುವುದಿಲ್ಲ, ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಒಂದು ತರಗತಿಗೆ ಐದೇ ಜನ, ಅದಕ್ಕಿಂತ ಹೆಚ್ಚು ಫೋನ್ ಕರೆ ಅವರಿಗೆ ಬೇಡ. ಹಿಂದೆ ದನಗಳ ಸಂತೆ ನಡೆಯುತ್ತಿದ್ದ ಸ್ಟಾಕ್‌ಯಾರ್ಡ್ಸ್ ಪ್ರದೇಶದ ಸುತ್ತಮುತ್ತ ಕುದುರೆ ಜೀನು ರಿಪೇರಿ ಮಾಡುವ ಅಂಗಡಿಗಳಲ್ಲಿ ‘ಕೆತ್ತನೆ ಕಲಿಸುವ ಹಿರಿಯರು’ ಎಂದು ವಿಚಾರಿಸಿದರೆ ದಾರಿ ತೋರಿಸುತ್ತಾರೆ. ನಾನೂ ಹಾಗೆಯೇ ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿದವರು, ಜೀವನವಿಡೀ ಜೀನು ಮಾಡಿದವರು. ಮಾತು ಕಡಿಮೆ. ಹೆಂಗಸರನ್ನೆಲ್ಲ ‘ಮ್ಯಾಮ್’ ಎಂದೇ ಕರೆಯುತ್ತಾರೆ, ವಯಸ್ಸು ಹದಿನೆಂಟಾದರೂ ಸರಿ.

ಈ ಕೆಲಸಕ್ಕೆ ಫೋರ್ಟ್ ವರ್ತ್ ತಕ್ಕ ಊರು. ದನಗಳ ಮಂದೆಗಳು ಚಿಶೋಮ್ ಹಾದಿ ಹಿಡಿದು ಉತ್ತರಕ್ಕೆ ಹೋಗುವಾಗ ದಾಟುತ್ತಿದ್ದ ಊರಿದು. ಇಂದಿಗೂ ಪ್ರವಾಸಿಗರಿಗಾಗಿ ಉದ್ದ ಕೋಡಿನ ದನಗಳನ್ನು ದಿನಕ್ಕೆ ಎರಡು ಬಾರಿ ಎಕ್ಸ್‌ಚೇಂಜ್ ಅವೆನ್ಯೂದಲ್ಲಿ ನಡೆಸುತ್ತಾರೆ. ಚರ್ಮದ ಕೈಕೆಲಸದ ಸಾಮಗ್ರಿಗೆ ಅಮೆರಿಕದಲ್ಲೆಲ್ಲ ಹೆಸರಾದ ಟ್ಯಾಂಡಿ ಕಂಪನಿ 1919ರಲ್ಲಿ ಹುಟ್ಟಿದ್ದು ಇಲ್ಲಿಯೇ. ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್, ಆದ್ದರಿಂದ ಈ ಚರಿತ್ರೆಯ ಇನ್ನೊಂದು ತುಣುಕು ನನಗೆ ಹೆಚ್ಚು ಹತ್ತಿರ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕ ಆಸ್ಪತ್ರೆಗಳಲ್ಲಿ ಗಾಯಾಳುಗಳ ಕೈಬೆರಳಿಗೆ ಮತ್ತೆ ಶಕ್ತಿ ಬರಲೆಂದು ಚರ್ಮದ ಕೆಲಸ ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೆ ಅದೇ ಕೆಲಸ ಹವ್ಯಾಸವಾಗಿ ಮನೆಮನೆಗೆ ಹೋಯಿತು. ಆ ಮಾತನ್ನು ಓದಿದಂದಿನಿಂದ ಇದನ್ನು ನನ್ನ ಕೈಯಾರೆ ಮಾಡಿ ನೋಡಬೇಕೆಂಬ ಆಸೆ ಇತ್ತು.

ಮೊದಲ ದಿನದ ಬೆಳಗ್ಗೆಯಿಡೀ ನೀರಿನ ಪಾಠ. ಮೇಜಿನ ಮೇಲೆ ಗ್ರಾನೈಟ್ ಚಪ್ಪಡಿ, ಒಂದು ಸ್ಪಂಜು, ಒಂದು ಬಟ್ಟಲು ನೀರು, ಅಂಗೈಯಗಲದ ಚರ್ಮದ ತುಂಡುಗಳು. ಎಲ್ಲ ಚರ್ಮಕ್ಕೂ ಕೆತ್ತನೆ ಒಗ್ಗುವುದಿಲ್ಲ. ನಮ್ಮ ಜಾಕೆಟ್ಟು, ಸೋಫಾ, ಬಹುಪಾಲು ಬೂಟುಗಳ ಚರ್ಮ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಅದನ್ನು ಎಷ್ಟು ಒತ್ತಿದರೂ ಮತ್ತೆ ಎದ್ದು ಬರುತ್ತದೆ. ಮರದ ತೊಗಟೆಯ ಒಗರಿನಿಂದ ಹದವಾದ ಚರ್ಮ ಹಾಗಲ್ಲ. ಒದ್ದೆಯಾದಾಗ ಅದರ ನಾರು ಮೆತ್ತಗಾಗುತ್ತದೆ, ಒತ್ತಿದ ಕಡೆ ಕುಸಿಯುತ್ತದೆ, ಒಣಗಿದ ಮೇಲೆ ಕುಸಿದಂತೆಯೇ ಉಳಿಯುತ್ತದೆ. ಅವರು ಬಳಸುವುದು ಸೇಂಟ್ ಲೂಯಿಸ್‌ನ ಹರ್ಮನ್ ಓಕ್ ಕಾರ್ಖಾನೆಯ ಎಂಟು-ಒಂಬತ್ತು ಔನ್ಸಿನ ಚರ್ಮ. ಅದು 1881ರಿಂದ ನಡೆದುಕೊಂಡು ಬಂದಿರುವ ಕಾರ್ಖಾನೆ. ಇಲ್ಲಿ ಔನ್ಸ್ ಎಂದರೆ ದಪ್ಪದ ಲೆಕ್ಕ: ಒಂದು ಔನ್ಸಿಗೆ ಅಂಗುಲದ 64ನೇ ಒಂದು ಭಾಗ, ಅಂದರೆ ಸುಮಾರು 0.4 ಮಿಲಿಮೀಟರ್. ಎಂಟು-ಒಂಬತ್ತು ಔನ್ಸ್ ಎಂದರೆ ಮೂರೂವರೆ ಮಿಲಿಮೀಟರಿನ ಆಸುಪಾಸು.

ಚರ್ಮವನ್ನು ಒದ್ದೆ ಮಾಡಿದ ಕೂಡಲೇ ಕೆಲಸಕ್ಕೆ ಇಳಿಯುವಂತಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯೆಲ್ಲ ಇಡಬೇಕು. ಚಪಾತಿ ಹಿಟ್ಟು ನಾದಿ ಮುಚ್ಚಿಡುತ್ತೇವಲ್ಲ, ಇದೂ ಹಾಗೆಯೇ: ತೇವ ಮೇಲೆ ನಿಲ್ಲದೆ ಒಳಗಿನ ತನಕ ಸಮನಾಗಿ ಇಳಿಯಬೇಕು. ಹೊರಗೆ ತೆಗೆದ ಮೇಲೂ ಕಾಯಬೇಕು. ನೆಂದು ಕಂದಾಗಿದ್ದ ಮೇಲ್ಮೈ ನಿಧಾನವಾಗಿ ಮೊದಲಿನ ತಿಳಿ ಬಣ್ಣಕ್ಕೆ ಮರಳತೊಡಗುತ್ತದೆ. ಬಣ್ಣ ಮರಳಿದೆ, ಆದರೆ ಮುಟ್ಟಿದರೆ ಇನ್ನೂ ತಣ್ಣಗಿದೆ. ಆ ಹೊತ್ತೇ ಹದ. ಅವರು ತುಂಡನ್ನು ಎತ್ತಿ ಕೆನ್ನೆಗೆ ಒತ್ತಿ ಹಿಡಿದು ನೋಡುತ್ತಾರೆ, ನಮ್ಮಿಂದಲೂ ಹಾಗೆಯೇ ನೋಡಿಸಿದರು. ಬೆರಳು ಕೆಲಸ ಮಾಡಿ ಮಾಡಿ ದಪ್ಪಗಾಗಿರುತ್ತದೆ, ಕೆನ್ನೆಗೆ ತಂಪು ಬೇಗ ತಿಳಿಯುತ್ತದೆ ಎನ್ನುವುದು ಅವರ ವಿವರಣೆ. ಆಮೇಲೆ ಒಂದೇ ಅಚ್ಚನ್ನು ಮೂರು ತುಂಡಿನ ಮೇಲೆ ಹೊಡೆದು ತೋರಿಸಿದರು. ನೀರು ಹೆಚ್ಚಾದ ತುಂಡಿನಲ್ಲಿ ಗುರುತು ಮಸುಕಾಗಿ ಉಬ್ಬಿಕೊಂಡಿತು. ಒಣಗಿದ್ದರಲ್ಲಿ ಅಂಚು ಮಾತ್ರ ಕಚ್ಚಿತು, ಬಣ್ಣವೇ ಬರಲಿಲ್ಲ. ಹದವಾಗಿದ್ದ ತುಂಡಿನಲ್ಲಿ ಅಚ್ಚು ಕೂತ ಜಾಗವೆಲ್ಲ ಜೇನು ಬಣ್ಣಕ್ಕೆ ತಿರುಗಿತು. ಬಣ್ಣ ಹಚ್ಚದೆಯೇ ಹೂವಿಗೆ ನೆರಳು ಬರುವುದು ಹೀಗೆ. ಈ ಒಂದು ಬೆಳಗ್ಗೆಗೇ ಅರ್ಧ ಶುಲ್ಕ ಸಂದಿತು ಎಂದು ನಾನು ಲೆಕ್ಕ ಹಾಕಿಕೊಂಡೆ.

ಇದೇ ಪಾಠದಲ್ಲಿ ಕಬ್ಬಿಣದ ಎಚ್ಚರಿಕೆಯೂ ಬಂತು. ಒದ್ದೆ ಚರ್ಮದ ಮೇಲೆ ಬರಿ ಕಬ್ಬಿಣದ ಪುಡಿಯೋ ತುಕ್ಕು ಹಿಡಿದ ಮೊಳೆಯೋ ಬಿದ್ದಿದ್ದರೆ ಅಲ್ಲಿ ನೀಲಿಗಪ್ಪು ಕಲೆ ಏಳುತ್ತದೆ, ತೊಳೆದರೆ ಹೋಗುವುದಿಲ್ಲ. ಒಗರೂ ಕಬ್ಬಿಣವೂ ಕೂಡಿದರೆ ಕಪ್ಪು. ನಮ್ಮ ಹಿರಿಯರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಅದನ್ನು ಹೇಳಿದಾಗ ಅವರು ಎದ್ದು ಹೋಗಿ ಕಪಾಟಿನಿಂದ ಒಂದು ಗಾಜಿನ ಜಾಡಿ ತಂದರು. ವಿನೆಗರಿನಲ್ಲಿ ಕಬ್ಬಿಣದ ನಾರು ಕರಗಿಸಿಟ್ಟ ನೀರು. ಜೀನಿನ ಕಪ್ಪು ಪಟ್ಟಿಗಳಿಗೆ ಅವರು ಬಳಿಯುವ ಬಣ್ಣ ಅದು. ತುಂಡೊಂದರ ಮೇಲೆ ಕುಂಚದಿಂದ ಎಳೆದರು. ನೋಡುತ್ತಿದ್ದಂತೆ ತಿಳಿ ಚರ್ಮ ಕಪ್ಪಾಯಿತು.

ಮಧ್ಯಾಹ್ನ ಚಾಕು. ಸ್ವಿವೆಲ್ ಚಾಕು ಎನ್ನುತ್ತಾರೆ. ನಮ್ಮ ಪೆನ್ನಿನಷ್ಟು ಉದ್ದವೂ ಇಲ್ಲ. ಕೆಳಗೆ ಅಲಗು, ನಡುವೆ ಹೆಬ್ಬೆರಳಿನಷ್ಟು ದಪ್ಪದ ಕೊಳವೆ, ತುದಿಯಲ್ಲಿ ತೋರುಬೆರಳು ಕೂರಲು ನೊಗದ ಆಕಾರದ ಬಾಗು. ನೊಗ ನಿಂತಲ್ಲೇ ನಿಲ್ಲುತ್ತದೆ, ಕೆಳಗಿನ ಕೊಳವೆ ತಿರುಗುತ್ತದೆ. ತೋರುಬೆರಳು ಒತ್ತುವುದಕ್ಕೆ, ಹೆಬ್ಬೆರಳೂ ನಡುಬೆರಳೂ ತಿರುಗಿಸುವುದಕ್ಕೆ, ಕಿರುಬೆರಳು ಚರ್ಮದ ಮೇಲೆ ಊರಿ ಕೈ ಅಲುಗದಂತೆ ನೋಡಿಕೊಳ್ಳುವುದಕ್ಕೆ. ಬೆರಳುಗಳಿಗೆ ಹೀಗೆ ಬೇರೆ ಬೇರೆ ಕೆಲಸ ಹಂಚಿಕೊಡುವ ಇಂಥ ಉಪಕರಣವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಒತ್ತುವ ಬೆರಳು ತಿರುಗಿಸಲು ಹೋಗಬಾರದು, ತಿರುಗಿಸುವ ಬೆರಳು ಒತ್ತಬಾರದು. ಕೈ ಅದನ್ನು ಒಪ್ಪಿಕೊಳ್ಳುವವರೆಗೆ ಬಳ್ಳಿಯ ಬಾಗು ಮುರಿಮುರಿಯಾಗಿಯೇ ಬರುತ್ತದೆ.

ಸೀಳಿನ ಆಳ ಚರ್ಮದ ಅರ್ಧ ದಪ್ಪವನ್ನು ಮೀರಬಾರದು. ಅಲಗು ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗಿರಬೇಕು, ವಾಲಿದರೆ ಒಂದು ಬದಿಯ ಅಂಚು ಸಿಪ್ಪೆಯಂತೆ ಎದ್ದುಕೊಳ್ಳುತ್ತದೆ. ಆರಂಭದಲ್ಲಿ ಆಳ, ಕೊನೆಗೆ ಬರುತ್ತ ಹಗುರ. ಬಳ್ಳಿಯ ತುದಿ ಚರ್ಮದಲ್ಲೇ ಕರಗಿಹೋಗಬೇಕು. ಕೆಲವು ಗೆರೆ ಎಳೆದ ಕೂಡಲೇ ಅಲಗನ್ನು ಹಸಿರು ಪಾಲಿಶ್ ಬಳಿದ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆ ಎಳೆದು ಹೊಳಪು ಮಾಡಬೇಕು. ಇದನ್ನು ಮರೆತವರ ಬಳಿ ಅವರು ಬಂದು ನಿಲ್ಲುತ್ತಾರೆ, ಏನೂ ಹೇಳುವುದಿಲ್ಲ, ಪಟ್ಟಿಯನ್ನು ನಮ್ಮ ಕೈ ಹತ್ತಿರಕ್ಕೆ ಸರಿಸಿ ಹೋಗುತ್ತಾರೆ. ನನ್ನ ಪಕ್ಕದಲ್ಲಿ ಕುದುರೆಗೆ ಲಾಳ ಹೊಡೆಯುವ ಯುವಕನೊಬ್ಬ ಕೂತಿದ್ದ. ಬಲವಾದ ಕೈ, ಗೆರೆಗಳೆಲ್ಲ ಆಳವಾಗಿ ಒಂದೇ ದಪ್ಪಕ್ಕೆ ಬರುತ್ತಿದ್ದವು. ಅವರು ಅವನ ಮೊಣಕೈ ಹಿಡಿದು ಮೇಜಿನಿಂದ ನಾಲ್ಕು ಬೆರಳಷ್ಟು ಮೇಲೆತ್ತಿದರು, ಅಷ್ಟೇ. ಮೊಣಕೈ ಊರಿದ್ದಾಗ ಮಣಿಕಟ್ಟು ಒಂದೇ ಎಳೆಯುತ್ತಿತ್ತು. ಎತ್ತಿದ ಮೇಲೆ ಭುಜವೂ ಕೆಲಸಕ್ಕೆ ಬಂತು, ಗೆರೆ ತೆಳುವಾಯಿತು. ಇದನ್ನು ಗುರುತಿಸಲು ನಾನು ಕಾಲೇಜಿನಲ್ಲಿ ಅಂಗರಚನೆ ಓದಬೇಕಾಯಿತು. ಅವರಿಗೆ ಅದು ಕಣ್ಣಿನಲ್ಲೇ ಇದೆ.

ಎರಡನೇ ದಿನ ಅಚ್ಚುಗಳು. ಇಲ್ಲಿಯೇ ಹೆಚ್ಚಿನವರು ಇದು ಸುಲಭ ಎಂದುಕೊಳ್ಳುವುದು: ಹೂವಿನ ಅಚ್ಚು ಇಟ್ಟು ಹೊಡೆದರೆ ಹೂವು ಬಿತ್ತು ಎಂದು. ಈ ಕೆಲಸದಲ್ಲಿ ಹೂವಿನ ಅಚ್ಚು ಎಂಬುದೇ ಇಲ್ಲ. ಹೂವಿನ ಗೆರೆಯನ್ನು ಚಾಕು ಎಳೆಯುತ್ತದೆ. ದಳದ ಗುಳಿಯನ್ನು ಪೇರಳೆಯಾಕಾರದ ಅಚ್ಚು ತಗ್ಗಿಸುತ್ತದೆ, ಎಲೆಯ ನರಗಳಿಗೆ ಒಂದು, ಹೂವಿನ ನಡುವಿನ ಬೀಜಗಳಿಗೆ ಒಂದು, ಹೂವಿನ ಹಿಂದಿನ ಬಯಲನ್ನು ತಗ್ಗಿಸಲು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ಬೆವೆಲರ್. ಅದರ ಮುಖ ಓರೆ. ದಪ್ಪ ಅಂಚು ಸೀಳಿನೊಳಗೆ ಕೂರಬೇಕು, ತೆಳು ಅಂಚು ಹೊರಗಿನ ಬಯಲಿನ ಕಡೆಗೆ. ಒಂದು ಏಟು ಬಿದ್ದರೆ ಸೀಳಿನ ಹೊರಗಿನ ಚರ್ಮ ಕುಸಿದು ಒಳಗಿನ ದಳ ತಾನಾಗಿ ಮೇಲೆದ್ದಂತೆ ಕಾಣುತ್ತದೆ. ದಳವನ್ನು ಯಾರೂ ಎತ್ತಲಿಲ್ಲ, ಸುತ್ತಲಿನ ನೆಲ ತಗ್ಗಿತು. ಹಾಗಾಗಿ ಯಾವ ಎಲೆ ಮುಂದಿದೆ, ಯಾವ ದಳದ ಹಿಂದೆ ಯಾವ ಬಳ್ಳಿ ನುಗ್ಗುತ್ತದೆ ಎಂದು ಮೊದಲೇ ತೀರ್ಮಾನಿಸಿ, ಪ್ರತಿ ಸೀಳಿನ ಯಾವ ಬದಿಯನ್ನು ತಗ್ಗಿಸಬೇಕೆಂದು ತಿಳಿದು ಹೊಡೆಯಬೇಕು.

ಅಚ್ಚನ್ನು ಎತ್ತಿ ಎತ್ತಿ ಇಡುವುದಲ್ಲ, ಅದು ಸೀಳಿನುದ್ದಕ್ಕೂ ನಡೆಯಬೇಕು. ಏಟಿಗೊಮ್ಮೆ ಅಚ್ಚಿನ ಅರ್ಧ ಅಗಲಕ್ಕಿಂತ ಕಡಿಮೆ ಸರಿಸಬೇಕು. ಹಿಡಿತ ಸಡಿಲವಾಗಿದ್ದರೆ ಏಟಿನ ನಡುವೆ ಅದೇ ಕೂದಲೆಳೆಯಷ್ಟು ಮೇಲೆದ್ದು ಮುಂದೆ ಹೋಗುತ್ತದೆ. ಅವರು ಮಾಡಿದಾಗ ಕೇಳುವುದು ಒಂದೇ ಸಮನಾದ ಟಕಟಕ, ಕಾಣುವುದು ಒಂದೇ ನಯವಾದ ಇಳಿಜಾರು. ನಮ್ಮದರಲ್ಲಿ ಮೆಟ್ಟಿಲು ಮೆಟ್ಟಿಲು. ಬೆಳಕಿಗೆ ಓರೆ ಹಿಡಿದು ಆ ಮೆಟ್ಟಿಲುಗಳನ್ನು ಉಗುರಿನ ತುದಿಯಿಂದ ತೋರಿಸುತ್ತಾರೆ, ಮತ್ತೆ ಹೊಡೆಸುತ್ತಾರೆ. ಹೊಡೆಯುವುದು ಸುತ್ತಿಗೆಯಿಂದಲ್ಲ. ಕಬ್ಬಿಣದ ಸುತ್ತಿಗೆ ಅಚ್ಚಿನ ತಲೆಯನ್ನು ಜಜ್ಜಿಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ತಲೆಯ, ಅರ್ಧ ಕಿಲೋ ತೂಗುವ ಕೊಡತಿ ಅವರ ಆಯ್ಕೆ. ಅದರ ತೂಕವೇ ಕೆಲಸ ಮಾಡುತ್ತದೆ, ಕೈ ಅದನ್ನು ಬಿಡುವುದಷ್ಟೇ. ಹಗುರವಾದ ಕೊಡತಿ ಹಿಡಿದು ಬಲ ಹಾಕಿ ಹೊಡೆಯುವವರಿಗೆ ಮೊಣಕೈ ನೋವು ಬರಬಹುದು ಎಂದು ನಾನು ವೃತ್ತಿಯ ಮೇಲೆ ಹೇಳಬಲ್ಲೆ.

ಅವರು ಕಲಿಸುವುದು ಶೆರಿಡನ್ ಶೈಲಿ. ವಯೋಮಿಂಗ್‌ನ ಶೆರಿಡನ್ ಊರಿನ ಡಾನ್ ಕಿಂಗ್ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬೆಳೆಸಿದ್ದು. ಹೂಗಳು ಸಣ್ಣವು, ಒತ್ತೊತ್ತಾಗಿರುತ್ತವೆ. ಪ್ರತಿ ಬಳ್ಳಿಯೂ ಹೂವನ್ನು ಬಳಸಿ ವೃತ್ತವಾಗಿ ಸುತ್ತಿ ಪಕ್ಕದ ವೃತ್ತಕ್ಕೆ ಹರಿಯುತ್ತದೆ. ನಮ್ಮ ಹೊಯ್ಸಳ ಗುಡಿಗಳ ಗೋಡೆಯ ಲತಾಪಟ್ಟಿಕೆ ನೋಡಿ ಬೆಳೆದ ಕಣ್ಣಿಗೆ ಈ ಹರಿವು ಹೊಸದೆನಿಸುವುದಿಲ್ಲ. ಬೇಲೂರಿನ ಕೆಲವು ಚಿತ್ರಗಳನ್ನು ಅವರಿಗೆ ಮೊಬೈಲಿನಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ, ‘ಇದು ಕಲ್ಲೇ?’ ಎಂದು ಕೇಳಿದರು. ಆಮೇಲೆ ಒಂದು ಚಿತ್ರವನ್ನು ದೊಡ್ಡದು ಮಾಡಿ, ಬಳ್ಳಿ ಕವಲೊಡೆಯುವ ಜಾಗಕ್ಕೆ ಬೆರಳಿಟ್ಟು, ‘ಈತನಿಗೆ ಗೊತ್ತಿತ್ತು’ ಎಂದರು.

ಇನ್ನು ನಾನು ಅಥಣಿಯವಳು. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ನಮ್ಮ ಊರಿನಲ್ಲಿ ತಲೆಮಾರುಗಳಿಂದ ಹೊಲಿಯುತ್ತಾರೆ. ಅದರ ಭೌಗೋಳಿಕ ಗುರುತಿನಲ್ಲಿ (ಜಿಐ ಟ್ಯಾಗ್) ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಆ ಚಪ್ಪಲಿಯ ಚರ್ಮ ಜಾಲಿ ಚಕ್ಕೆ ಮತ್ತು ಅಳಲೆಕಾಯಿಯಲ್ಲಿ ಹದವಾದದ್ದು, ಅಂದರೆ ಕೆತ್ತನೆಗೆ ಒಲಿಯುವ ಜಾತಿಯದೇ. ಊರಿನಿಂದ ತಂದಿದ್ದ ಎಮ್ಮೆ ಚರ್ಮದ ಅಟ್ಟೆಯ ತುಂಡೊಂದನ್ನು ಅವರ ಮುಂದಿಟ್ಟೆ. ಮೂಸಿದರು, ಬಾಗಿಸಿದರು, ಅಂಚನ್ನು ಕೊಯ್ದು ಒಳಗಿನವರೆಗೂ ಒಂದೇ ಬಣ್ಣ ಇದೆಯೇ ಎಂದು ನೋಡಿದರು. ‘ಹದ ಚೆನ್ನಾಗಿ ಇಳಿದಿದೆ’ ಎಂದವರು ರಾತ್ರಿ ನೆನೆಸಿಟ್ಟು ಮರುದಿನ ಕೆಲಸಕ್ಕೆ ತೆಗೆದರು. ಎಮ್ಮೆ ಚರ್ಮದ ಮೈ ಒರಟು, ಸಣ್ಣ ಹೂದಳಗಳ ಗೆರೆ ಅದರಲ್ಲಿ ಸ್ಪಷ್ಟವಾಗಿ ನಿಲ್ಲಲಿಲ್ಲ. ಆದರೆ ಬುಟ್ಟಿ ಹೆಣಿಗೆಯ ಅಚ್ಚು ಸೊಗಸಾಗಿ ಕೂತಿತು. ಈ ಅಚ್ಚನ್ನು 45 ಡಿಗ್ರಿ ಓರೆಗೆರೆಯ ಮೇಲೆ ಶುರು ಮಾಡಿ, ಒಂದರ ತುದಿ ಇನ್ನೊಂದರ ತುದಿಯ ಮೇಲೆ ಬರುವಂತೆ ಹೊಡೆಯುತ್ತ ಹೋದರೆ ಬಿದಿರಿನ ತಟ್ಟಿ ಹೆಣೆದ ಹಾಗೆ ಕಾಣುತ್ತದೆ. ನಮ್ಮ ಕಡೆಯ ಚರ್ಮದಲ್ಲಿ ಬೆಲ್ಟು, ಚೀಲದ ಪಟ್ಟಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂಬುದು ಆ ತುಂಡಿನಿಂದ ನನಗೆ ಖಾತ್ರಿಯಾಯಿತು. ಬೆಳಗಾವಿ ಸೀಮೆಯಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಮನಸ್ಸಿನ ಮಾತು.

ಅವರ ಬಳಿ ಇನ್ನೊಂದು ಅಚ್ಚಿದೆ, ಅದು ಕಲಿಯುವವರ ಕೈಗೆ ಹೋಗುವುದಿಲ್ಲ. ಅವರ ಹೆಸರಿನ ಅಚ್ಚು. ಜೀನು ಪೂರ್ತಿಯಾದಾಗ ಅದನ್ನು ಒತ್ತುತ್ತಾರೆ. ಇಲ್ಲಿ ಹಳೆಯ ಜೀನನ್ನು ಕೊಳ್ಳುವವರು ಮೊದಲು ಆ ಗುರುತು ಹುಡುಕುತ್ತಾರೆ, ಮಾಡಿದವನ ಹೆಸರಿನಿಂದ ಬೆಲೆ ಏರುತ್ತದೆ. ನಾನು ಚಿಕ್ಕಂದಿನಿಂದ ಮೆಟ್ಟಿದ ಯಾವ ಚಪ್ಪಲಿಯ ಮೇಲೂ ಹೊಲಿದವರ ಹೆಸರಿರಲಿಲ್ಲ. ಅವರ ಮನೆಗಳು ಊರಾಚೆ ಇದ್ದವು, ನಮ್ಮ ಅಂಗಳದಲ್ಲಿ ಅವರು ನಿಲ್ಲುತ್ತಿದ್ದ ಜಾಗವೂ ಗೊತ್ತು ಮಾಡಿದ್ದಾಗಿತ್ತು. ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಹರಳಯ್ಯ, ಕಲ್ಯಾಣಮ್ಮನವರ ಕಥೆಯನ್ನು ಶಾಲೆಯಲ್ಲಿ ಭಕ್ತಿಯಿಂದ ಕೇಳುತ್ತಿದ್ದೆವು, ಅದೇ ಕೆಲಸದವರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದೆವು. ಚರ್ಮವನ್ನು ಕೆನ್ನೆಗೆ ಒತ್ತಿ ಹಿಡಿಯುವುದನ್ನು ಕಲಿಯುವಾಗ ಇದು ನೆನಪಾಗದೆ ಇರಲಿಲ್ಲ. ಅಥಣಿಯ ಒಂದೊಂದು ಜೋಡಿಯ ಮೇಲೂ ಮಾಡಿದವರ ಹೆಸರಿನ ಅಚ್ಚು ಬೀಳಬೇಕು, ಬೆಲೆಯೂ ಆ ಹೆಸರಿಗೆ ಸಲ್ಲಬೇಕು.

ಕೊರತೆಗಳನ್ನೂ ಹೇಳಬೇಕು. ಮುಗಿತಾಯದ ಪಾಠ ತೀರಾ ಆತುರದ್ದು. ಎಣ್ಣೆ ಹಚ್ಚುವುದು, ಸೀಳಿನೊಳಗೆ ಗಾಢ ಬಣ್ಣದ ಮೇಣ ತುಂಬಿ ಮೇಲ್ಮೈಯಿಂದ ಒರೆಸುವುದು, ಕೊನೆಯ ಲೇಪ ಇವೆಲ್ಲ ಮೂರನೇ ದಿನದ ಸಂಜೆಯ ಒಂದೇ ಗಂಟೆಯಲ್ಲಿ ಮುಗಿದವು. ಒಂದು ಲೇಪ ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲವಾದ್ದರಿಂದ ನಾವು ಅವರ ಮಾದರಿಗಳನ್ನು ನೋಡಿಯೇ ತೃಪ್ತಿಪಡಬೇಕಾಯಿತು. ನಾಲ್ಕನೇ ದಿನ ಒಂದು ಬೇಕೇ ಬೇಕು. ಬರಹದಲ್ಲಿ ಏನೂ ಕೊಡುವುದಿಲ್ಲ, ವಿಡಿಯೋ ತೆಗೆಯಲೂ ಬಿಡುವುದಿಲ್ಲ, ನೋಟ್‌ಬುಕ್ ಒಯ್ಯಿರಿ. ಕುರ್ಚಿಗಳು ತಗ್ಗು, ಮೇಜು ಎತ್ತರ. ಕುಳ್ಳಗಿರುವವರಿಗೆ ಭುಜ ಹಿಡಿದುಕೊಳ್ಳುತ್ತದೆ, ಒಂದು ದಿಂಬು ಇರಲಿ. ಎಡಗೈಯವರಿಗೆ ಅವರು ಎದುರು ಕೂತು ತೋರಿಸುತ್ತಾರೆ. ನಮ್ಮ ತಂಡದಲ್ಲಿದ್ದ ಎಡಗೈ ಹುಡುಗಿಗೆ ಅದರಿಂದ ತೊಂದರೆಯಾಗಲಿಲ್ಲ.

ಶುಲ್ಕ 450 ಡಾಲರ್, ಚರ್ಮವೂ ಉಪಕರಣಗಳ ಬಳಕೆಯೂ ಅದರಲ್ಲೇ. ಈ ಊರಿನಲ್ಲಿ ಎರಡು ಗಂಟೆಯ ತರಗತಿಗಳು ಇದಕ್ಕಿಂತ ಬಹಳ ಅಗ್ಗಕ್ಕೆ ಸಿಗುತ್ತವೆ. ಕೀಲಿಗೊಂಚಲಿನ ಮೇಲೆ ಹೆಸರಿನ ಅಕ್ಷರ ಒತ್ತಿಸಿ ಕಳಿಸುವ ಅಂಥದ್ದೊಂದಕ್ಕೂ ನಾನು ಹೋಗಿದ್ದೇನೆ. ಅಲ್ಲಿ ನೀರನ್ನು ಸ್ಪ್ರೇ ಬಾಟಲಿಯಿಂದ ಚಿಮುಕಿಸಿ ಕೂಡಲೇ ಹೊಡೆಯಲು ಹೇಳಿದರು. ಏಕೆ, ಎಷ್ಟು ಎಂಬ ಮಾತೇ ಬರಲಿಲ್ಲ. ಇಲ್ಲಿ ಕೊಟ್ಟ ಹಣಕ್ಕೆ ಮನೆಯಲ್ಲಿ ಒಬ್ಬರೇ ಕೂತು ಮುಂದುವರಿಸುವಷ್ಟು ವಿದ್ಯೆ ಕೈಗೆ ಬರುತ್ತದೆ.

ಉಪಕರಣ ಕೊಳ್ಳುವ ಬಗ್ಗೆ ಅವರ ಸಲಹೆ ಖಡಕ್ಕಾದದ್ದು: ಒಳ್ಳೆಯ ಚಾಕು, ಒಂದು ಒಳ್ಳೆಯ ಬೆವೆಲರ್. ಉಳಿದ ಅಚ್ಚುಗಳು ಅಗ್ಗದವಾದರೂ ನಡೆಯುತ್ತದೆ. ಚಪ್ಪಡಿಗೆ ದುಡ್ಡು ಹಾಕಬೇಡಿ, ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ಯುವ ಅಂಗಡಿಯಲ್ಲಿ ಉಳಿಕೆ ತುಂಡನ್ನು ಕೇಳಿ ತನ್ನಿ. ಊರಿನಲ್ಲಿರುವವರಿಗೆ ಇದು ಇನ್ನೂ ಸುಲಭ, ಗ್ರಾನೈಟ್ ತುಂಡು ಸಿಗದ ತಾಲ್ಲೂಕು ಕರ್ನಾಟಕದಲ್ಲಿ ಇಲ್ಲ. ತೆಳು ಚರ್ಮವಾದರೆ ಹಿಂಬದಿಗೆ ಅಗಲವಾದ ಟೇಪ್ ಅಂಟಿಸಿಕೊಳ್ಳಿ, ಇಲ್ಲದಿದ್ದರೆ ಹೊಡೆಯುತ್ತ ಹೊಡೆಯುತ್ತ ಹಿಗ್ಗಿ ಅಳತೆ ತಪ್ಪುತ್ತದೆ.

ಹೋಗುವವರು ಉಗುರು ಕತ್ತರಿಸಿಕೊಂಡು ಹೋಗಿ, ಉಂಗುರ ಬಳೆ ತೆಗೆದಿಡಿ. ಹದವಾಗಿ ನೆಂದ ಚರ್ಮಕ್ಕೆ ಉಗುರು ತಾಗಿದರೂ ಗುರುತು ಬೀಳುತ್ತದೆ, ಒಣಗಿದ ಮೇಲೆ ಅದು ಹೋಗುವುದಿಲ್ಲ. ಸಾಧ್ಯವಾದರೆ ಬೇಸಿಗೆ ಬಿಟ್ಟು ಹೋಗಿ. ಆ ಶೆಡ್ಡಿನಲ್ಲಿ ಹವಾನಿಯಂತ್ರಣವಿಲ್ಲ, ಜುಲೈ ಬಿಸಿಲಿಗೆ ಚರ್ಮ ಕೈಯಲ್ಲಿ ಹಿಡಿದಿರುವಾಗಲೇ ಒಣಗಿಬಿಡುತ್ತದಂತೆ. ನಾನು ಬೆಲ್ಟಿನ ತರಗತಿಗೆ ಹೆಸರು ಬರೆಸಿ ಬಂದಿದ್ದೇನೆ.